ನೀರ ಸುರುವಬ್ಯಾಡ್ರಿ ಅಕ್ಕಾರ

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ಮರುದಿನ. ವಿಜಯಪುರ ಜಿಲ್ಲೆಯ ತಿಕೋಟಾ–ಬಬಲೇಶ್ವರ ನಡುವಿನ ನಮ್ಮ ಮೂರೆಕರೆ ದ್ರಾಕ್ಷಿ ಪಡದಲ್ಲಿ ಕಡ್ಡಿಗೆ ಔಷಧ ಹಚ್ಚುವ ಕೆಲಸ ನಡೆದಿತ್ತು. ಕಣ್ಣುಗಳೆಲ್ಲ ಒಮ್ಮೆಲೇ ಒಡೆಯಲಿ ಎಂದು ಹಚ್ಚುವ ಹೈಡ್ರೋಜನ್ ಸೈನಮೈಡ್ ಅದು. ಶೆಡ್ಡಿನ ಕಟ್ಟೆಯ ಮೇಲಿದ್ದ ಕ್ಯಾನಿಗೆ ನನ್ನ ಮೊಣಕೈ ತಾಗಿತು. ಮುಚ್ಚಳ ಸಡಿಲವಿತ್ತು. ಸಿಮೆಂಟ್ ನೆಲದ ಮೇಲೆ ಅದು ಬಾಗಿಲ ಕಡೆಗೇ ಹರಿಯತೊಡಗಿತು. ಬಾಗಿಲಾಚೆ ಇಳಿಜಾರು, ಅದರಾಚೆ ಹಳ್ಳ. ಹಳ್ಳ ಹೋಗಿ ಕೂಡುವುದು ಡೋಣಿ ನದಿಯನ್ನು.

"ಪೈಪ್ ಹಚ್ಚರಿ, ಲಗೂನ ತೊಳೀರಿ" ಎಂದು ಕೂಗಿದೆ. ಯೋಚಿಸಿ ಕೂಗಿದ್ದಲ್ಲ. ಏನು ಚೆಲ್ಲಿದರೂ ನೀರು ಹಾಕುವ ಮನೆಯಲ್ಲಿ ಅರವತ್ತು ವರ್ಷ ಕಳೆದವಳ ಬಾಯಿಗೆ ಮತ್ತೇನು ಬರಬೇಕು?

"ನೀರ ಸುರುವಬ್ಯಾಡ್ರಿ ಅಕ್ಕಾರ. ನೀರ ಬಿಟ್ರ ಹಳ್ಳಕ್ಕ ಹೊಕ್ಕೈತಿ. ಮಣ್ಣ ಹಾಕೂಣು."

ಹೇಳಿದವನು ಇಪ್ಪತ್ತು ವರ್ಷದಿಂದ ನಮ್ಮ ಪಡದಲ್ಲಿ ಎಣ್ಣೆ ಹೊಡೆಯುವವನು. ಅವಸರ ಮಾಡಲಿಲ್ಲ. ಹೆಣ್ಣಾಳುಗಳನ್ನೂ ಹುಡುಗರನ್ನೂ ಗಾಳಿ ಬರುವ ದಿಕ್ಕಿಗೆ ದೂರ ಕಳಿಸಿದ. ಬೀಡಿ ಹಚ್ಚಿದ್ದವನಿಗೆ ಬೈದ. ಕೈಗವಸು, ಬೂಟು, ಮುಖಕ್ಕೆ ಮಾಸ್ಕ್ ಹಾಕಿಕೊಂಡ ಮೇಲೆಯೇ ಕ್ಯಾನ್ ಎತ್ತಿ ನಿಲ್ಲಿಸಿದ್ದು. ಮೊದಲು ಬಾಗಿಲ ಬಳಿ ಒಣಮಣ್ಣಿನ ಒಡ್ಡು ಹಾಕಿದ, ಆಮೇಲೆ ಅಂಚಿನಿಂದ ಒಳಗೊಳಗೆ ಮಣ್ಣು ಸುರಿಯುತ್ತ ಬಂದ. ನಮ್ಮ ಎರೆಮಣ್ಣು ಅದನ್ನು ಹೀರಿ ಕಪ್ಪಗೆ ಮುದ್ದೆಯಾಯಿತು. ಸಲಿಕೆಯಿಂದ ಕೆರೆದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ. ಮತ್ತೊಮ್ಮೆ ಒಣಮಣ್ಣು ಹಾಕಿ ಅದನ್ನೂ ಕೆರೆದ. ನನ್ನ ಪಾದಕ್ಕೆ ಸಿಡಿದಿತ್ತಲ್ಲ, ಅದನ್ನು ಮೊದಲೇ ನೋಡಿದ್ದ: "ನಿಮ್ಮ ಕಾಲಿಗೆ ಮಾತ್ರ ನೀರ ಬೇಕ್ರಿ. ಸಬಕಾರ ಹಚ್ಚಿ ಕಾಲ ತಾಸ ತೊಳ್ಕೋರಿ." ಸಂಜೆ ಆಳುಗಳಿಗೆಲ್ಲ, ಇವತ್ತು ನಾಳೆ ಯಾರೂ ಕುಡಿಯಬಾರದು ಎಂದು ತಾಕೀತು ಮಾಡಿದ. ಈ ಔಷಧಕ್ಕೂ ಸೆರೆಗೂ ಆಗಿಬರುವುದಿಲ್ಲ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಉಸಿರು ಸಿಕ್ಕಿಕೊಳ್ಳುತ್ತದೆ.

ಮೈಗೆ ನೀರು, ನೆಲಕ್ಕೆ ಮಣ್ಣು. ಇಷ್ಟು ಸಣ್ಣ ಮಾತು ನನ್ನನ್ನು ರಾತ್ರಿಯೆಲ್ಲ ಮಲಗಗೊಡಲಿಲ್ಲ.

ಕಾರಣ ಇದೆ. ಈತನ ಅಪ್ಪ ನಮ್ಮ ಹಿತ್ತಲಿಗೆ ಬಂದು ನಿಂತು ಹೋದ ಮೇಲೆ ನಮ್ಮತ್ತೆಯವರು ಒಂದು ತಂಬಿಗೆ ನೀರು ಚಿಮುಕಿಸುತ್ತಿದ್ದರು. ಗೋಡೆಯ ಮೇಲೆ ಬಸವಣ್ಣನವರ ಪಟ, ಕೊರಳಲ್ಲಿ ಲಿಂಗ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದರಲ್ಲಿ ಯಾವುದಕ್ಕೂ ಸೂತಕವಿಲ್ಲ ಎಂದು ಶರಣರು ಹೇಳಿದ ಧರ್ಮ ನಮ್ಮದು. ಬಸವನ ಬಾಗೇವಾಡಿ ಇಲ್ಲಿಂದ ಎಷ್ಟು ದೂರ? ಆದರೂ ನೀರು ಚಿಮುಕಿಸಿದೆವು. ನಾನು ಸೊಸೆ, ತಂಬಿಗೆ ತುಂಬಿ ಕೊಡುತ್ತಿದ್ದವಳು ನಾನೇ.

ಇಲ್ಲದ ಮೈಲಿಗೆಯನ್ನು ತೊಳೆಯುತ್ತ ಬಂದವರ ಮನೆಗೆ ನಿಜವಾದ ಮೈಲಿಗೆಯೊಂದು ಕ್ಯಾನಿನಲ್ಲಿ ಬಂದು ಕೂತಿದೆ. ಅದನ್ನು ನಾವು ಎಣ್ಣೆ ಎನ್ನುತ್ತೇವೆ. ಒಗ್ಗರಣೆಗೂ ಎಣ್ಣೆ, ಮಣೂಕ (ಒಣದ್ರಾಕ್ಷಿ) ಮಾಡಲು ದ್ರಾಕ್ಷಿ ಅದ್ದುವುದಕ್ಕೂ ಎಣ್ಣೆ, ಹುಳ ಕೊಲ್ಲುವುದಕ್ಕೂ ಎಣ್ಣೆ! ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಅಚ್ಚು ಹಾಕಿ ವಿಷ ಎಷ್ಟು ಕಡುವೆಂದು ಹೇಳಿರುತ್ತಾರೆ. ಕೆಂಪು ಎಲ್ಲಕ್ಕಿಂತ ಕೆಟ್ಟದ್ದು. ಯಾರು ನೋಡುತ್ತಾರೆ?

ನೀರು ವಿಷವನ್ನು ಅಳಿಸುವುದಿಲ್ಲ, ಮುಂದಿನವರ ಬಾಗಿಲಿಗೆ ಮುಟ್ಟಿಸುತ್ತದೆ. ನೀರಿನ ಈ ಗುಣ ವಿಜಯಪುರದವರಿಗೆ ಹೊಸದಲ್ಲ. ಆದಿಲ್‌ಶಾಹಿಗಳು ತೊರವಿಯಿಂದ ನೆಲದೊಳಗೆ ಸುರಂಗ ತೋಡಿ, ನಡುನಡುವೆ ಗಾಳಿಗೆ ಬಾವಿ ಬಿಟ್ಟು, ಇಡೀ ಶಹರಕ್ಕೆ ನೀರು ತಂದರು. ತೊರವಿಯಲ್ಲಿ ಇಳಿದದ್ದು ಪೇಟೆಯಲ್ಲಿ ಏಳುತ್ತಿತ್ತು. ಕಾಸರಗೋಡಿನ ಎಣ್ಮಕಜೆಯ ಕನ್ನಡದವರೂ ಸುರಂಗದ ನೀರು ಕುಡಿಯುವವರೇ. ಅಲ್ಲಿಯ ಗುಡ್ಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದರು. ಸಿಂಪಡಿಸಿದವರಿಗೆ ಬೇಕಾಗಿದ್ದು ಹುಳ ಸಾಯುವುದು. ಆದರೆ ಅದು ತೊರೆಗೂ ಬಾವಿಗೂ ಇಳಿಯಿತು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆದದ್ದು 2011ರಲ್ಲಿ.

ಬೇಕೆಂತಲೇ ಮಾಡದ ತಪ್ಪಿಗೆ ಪಾಪ ಹತ್ತುತ್ತದೆಯೇ ಎಂದು ಹಿರಿಯರು ವಾದ ಮಾಡುತ್ತಿದ್ದರು. ಮನಸ್ಸು ಶುದ್ಧವಿದ್ದರೆ ಸಾಕು ಎಂಬುದರ ಕಡೆಗೇ ನಾನೂ ಇದ್ದೆ. ಆ ದಿನದ ಮೇಲೆ ಇಲ್ಲ. ಕ್ಯಾನ್ ಉರುಳಿದ್ದರಲ್ಲಿ ನನ್ನ ಪಾಪವಿಲ್ಲ, ಒಪ್ಪುತ್ತೇನೆ. ಪೈಪ್ ಹಚ್ಚಿ ಎಂದದ್ದರಲ್ಲಿ ಇತ್ತು. ಕಣ್ಣೆದುರಿನದು ತೊಲಗಿದರೆ ಸಾಕು, ಹಳ್ಳದ ಕೆಳಗೆ ಯಾರ ಎಮ್ಮೆ ನೀರು ಕುಡಿದರೇನು ಎಂಬ ಮನಸ್ಸು ಶುದ್ಧ ಹೇಗಾದೀತು?

ನಮ್ಮ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ಅಂಗಿಗೆ ಜೇಬು ಹೊಲಿಸಲಿಲ್ಲ. 2023ರ ಜನವರಿ 2ರಂದು ಲಿಂಗೈಕ್ಯರಾದಾಗ, ತಮ್ಮ ಹೆಸರಿನಲ್ಲಿ ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟಿದ್ದ ಪತ್ರವನ್ನು ಓದಲಾಯಿತು. ವಿಜಯಪುರದ ಅವರ ಜ್ಞಾನಯೋಗಾಶ್ರಮದ ಅಂಗಳದ ಆ ಗದ್ದಲದಲ್ಲಿ ನಾನೂ ನಿಂತು ಅತ್ತಿದ್ದೆ. ಭೂಮಿಯ ಮೇಲೆ ಭಾರವಿಲ್ಲದೆ ಹೋಗುವುದು ಸಂತರಿಗೆ ಬಿಟ್ಟದ್ದು ಎಂದುಕೊಂಡಿದ್ದೆ ಆಗ. ದ್ರಾಕ್ಷಿ ಬೆಳೆಯುವವಳಿಂದ ಅದು ಆಗದು, ಎಣ್ಣೆ ಹೊಡೆಯದೆ ನಮ್ಮಲ್ಲಿ ಪಡ ಉಳಿಯುವುದಿಲ್ಲ. ಆದರೆ ನನ್ನ ಭಾರವನ್ನು ನನ್ನ ಶೆಡ್ಡಿನಲ್ಲೇ ಇಟ್ಟುಕೊಳ್ಳಬಲ್ಲೆ.

ಆ ಚೀಲ ಇನ್ನೂ ಅಲ್ಲೇ ಇದೆ. ಮೇಲೆ ಕೆಂಪು ಬಣ್ಣದಲ್ಲಿ 'ವಿಷ, ಮುಟ್ಟಬೇಡಿ' ಎಂದು ಬರೆಸಿ, ಕೋಣೆಗೆ ಕೀಲಿ ಹಾಕಿದ್ದೇನೆ. ಎಲ್ಲಿಗೆ ಒಯ್ದು ಕೊಡಬೇಕೆಂದು ಐದಾರು ಮಂದಿಯನ್ನು ಕೇಳಿದೆ. ಎಲ್ಲರೂ ಹೇಳಿದ್ದು ಒಂದೇ: "ಹಳ್ಳಕ್ಕ ಒಗೀರಿ."