ಕೀಲಿಕೈ ಕೇಳುವುದು ಅಗೌರವವೇ?

ನಮ್ಮ ಊರಿನಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಊರಿಗೆಲ್ಲ ಅವರು 'ಮಾಸ್ಟ್ರು'. ವಯಸ್ಸು ಎಪ್ಪತ್ತು ದಾಟಿದ ಮೇಲೂ ಫಜ್ರ್ ನಮಾಝ್‌ಗೆ ಮಸೀದಿಗೆ, ಬೆಳಿಗ್ಗೆ ಮೀನು ಮಾರುಕಟ್ಟೆಗೆ, ಸಂಜೆ ರೋಗಿಗಳನ್ನು ನೋಡಿಬರಲು, ಎಲ್ಲದಕ್ಕೂ ಅವರು ತಮ್ಮ ಹಳೆಯ ಸ್ಕೂಟರನ್ನೇ ನೆಚ್ಚಿದ್ದರು. ಲೈಸೆನ್ಸ್ ನವೀಕರಣಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕಾಯಿತು. ಅವರು ಹೋದ ಕ್ಲಿನಿಕ್ಕಿನ ವೈದ್ಯರು ಅವರದೇ ಹಳೆಯ ವಿದ್ಯಾರ್ಥಿ. ಎದ್ದು ನಿಂತು ಕುರ್ಚಿ ಕೊಟ್ಟರು, ಚಹಾ ತರಿಸಿದರು, "ನಿಮಗೇನಾಗಿದೆ ಮಾಸ್ಟ್ರೇ, ನಮಗಿಂತ ಗಟ್ಟಿ ಇದ್ದೀರಿ" ಎಂದು ನಗುತ್ತಾ ಸಹಿ ಹಾಕಿಕೊಟ್ಟರು. ಗೋಡೆಯಲ್ಲಿದ್ದ ಅಕ್ಷರಗಳ ಫಲಕವನ್ನು ಓದಿಸಲಿಲ್ಲ. ಗುರುಗಳನ್ನು ಪರೀಕ್ಷಿಸುವುದು ಸರಿಯಲ್ಲವೆಂದು ಅವರಿಗೆ ಅನಿಸಿರಬೇಕು.

ಕೆಲವು ತಿಂಗಳ ಬಳಿಕ ಒಂದು ದಿನ ಮಗ್ರಿಬ್ ಹೊತ್ತಿಗೆ, ಎದುರಿನಿಂದ ಬಂದ ಬಸ್ಸಿನ ಬೆಳಕು ಕಣ್ಣಿಗೆ ಹೊಡೆದು, ರಸ್ತೆಯಂಚಿನಲ್ಲಿ ನಡೆಯುತ್ತಿದ್ದ ಬಾಲಕನೊಬ್ಬನಿಗೆ ಅವರ ಸ್ಕೂಟರ್ ಢಿಕ್ಕಿಯಾಯಿತು. ಬಾಲಕನ ಕಾಲು ಮುರಿಯಿತು. ಅಲ್ಲಾಹನ ಕೃಪೆಯಿಂದ ಅವನು ಗುಣವಾಗಿ ಮತ್ತೆ ಶಾಲೆಗೆ ಹೋದ. ಮಾಸ್ಟ್ರು ಮಾತ್ರ ಬಹಳ ಕಾಲ ಚೇತರಿಸಿಕೊಳ್ಳಲಿಲ್ಲ. ನೋಡಲು ಹೋದವರಲ್ಲಿ ಅವರು ಕೇಳುತ್ತಿದ್ದುದು ಒಂದೇ ಮಾತು: "ನನ್ನ ಕಣ್ಣು ಮಂದವಾಗಿದೆ ಅಂತ ನಿಮ್ಮಲ್ಲಿ ಒಬ್ಬರಾದರೂ ಹೇಳಬಾರದಿತ್ತಾ?"

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮಗೆಲ್ಲ ಗೊತ್ತಿತ್ತು. ಗೌರವದ ಹೆಸರಿನಲ್ಲಿ ನಾವು ಸುಮ್ಮನಿದ್ದೆವು.

ನಮ್ಮ ದೇಶದ ಕಾನೂನಿನಲ್ಲಿ ಖಾಸಗಿ ವಾಹನ ಓಡಿಸುವವರಿಗೆ ಗರಿಷ್ಠ ವಯೋಮಿತಿಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, 55 ದಾಟಿದವರಿಗೆ ಲೈಸೆನ್ಸನ್ನು ಐದೈದು ವರ್ಷಗಳಿಗೆ ನವೀಕರಿಸಲಾಗುತ್ತದೆ. 40 ದಾಟಿದವರು ನಮೂನೆ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮತ್ತೆ ವಾಹನ ಓಡಿಸಿ ತೋರಿಸಬೇಕಾಗಿಲ್ಲ. ಅಂದರೆ ಇಪ್ಪತ್ತರ ಹರೆಯದಲ್ಲಿ ಒಮ್ಮೆ '8' ಬರೆದು ತೋರಿಸಿದವರು ಎಂಬತ್ತರ ವಯಸ್ಸಿನಲ್ಲೂ ಅದೇ ಬಲದಿಂದ ರಸ್ತೆಗಿಳಿಯಬಹುದು. ನಡುವೆ ಇರುವ ಏಕೈಕ ತಡೆ ಆ ವೈದ್ಯರ ಸಹಿ. ಆ ಸಹಿ ಎಷ್ಟು ಸುಲಭವಾಗಿ ದೊರೆಯುತ್ತದೆಂಬುದು ನಮಗೆಲ್ಲ ತಿಳಿದಿದೆ.

ಹಾಗಾದರೆ ಎಪ್ಪತ್ತಕ್ಕೋ ಎಪ್ಪತ್ತೈದಕ್ಕೋ ಒಂದು ಗೆರೆ ಎಳೆದುಬಿಡಬೇಕೇ? ನಮಗೆ ಹಾಗೆ ಅನಿಸುವುದಿಲ್ಲ. ವಯಸ್ಸು ಎಲ್ಲರ ಮೇಲೂ ಒಂದೇ ರೀತಿ ಬರುವುದಿಲ್ಲ. ಎಂಬತ್ತರಲ್ಲೂ ಚುರುಕಾಗಿರುವವರಿದ್ದಾರೆ, ಐವತ್ತರಲ್ಲೇ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡವರಿದ್ದಾರೆ. ಒಬ್ಬರಲ್ಲಿರುವ ಕುಂದಿಗಾಗಿ ಅದೇ ವಯಸ್ಸಿನ ಇನ್ನೊಬ್ಬರನ್ನು ದಂಡಿಸುವುದು ನ್ಯಾಯವಲ್ಲ. ಇನ್ನು, ನಮ್ಮ ರಸ್ತೆಗಳು ರಕ್ತಸಿಕ್ತವಾಗಿರುವುದು ಮುಖ್ಯವಾಗಿ ಮುದುಕರಿಂದಲೂ ಅಲ್ಲ. ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅತಿವೇಗ, ಹೆಲ್ಮೆಟ್ಟಿನ ಕುರಿತ ಅಸಡ್ಡೆ, ಮದ್ಯಪಾನ, ಮೊಬೈಲ್, ಇವು ಹೆಚ್ಚಾಗಿ ಯೌವನದ ರೋಗಗಳು. ಅವುಗಳನ್ನು ಬಿಟ್ಟು ವೃದ್ಧರತ್ತ ಮಾತ್ರ ಬೆರಳು ತೋರಿಸುವುದು ಅಪ್ರಾಮಾಣಿಕತೆಯಾದೀತು.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ವೇಗವಾಗಿ ಓಡಿಸುವ ಯುವಕನಿಗೆ ತಾನು ತಪ್ಪು ಮಾಡುತ್ತಿದ್ದೇನೆಂದು ಗೊತ್ತಿರುತ್ತದೆ. ಮುಪ್ಪಿನ ಕುಂದು ಹಾಗಲ್ಲ, ಅದು ಸದ್ದಿಲ್ಲದೆ ಬರುತ್ತದೆ. ಗ್ಲಾಕೋಮಾ ಪಕ್ಕದ ದೃಷ್ಟಿಯನ್ನು ಸ್ವಲ್ಪ ಸ್ವಲ್ಪವಾಗಿ ಕಿತ್ತುಕೊಳ್ಳುವಾಗ ರೋಗಿಗೆ ಅರಿವೇ ಆಗುವುದಿಲ್ಲ. ಕಣ್ಣಿನ ಪೊರೆ ಬಂದವರಿಗೆ ರಾತ್ರಿ ಎದುರಿನ ಬೆಳಕು ಚೆಲ್ಲಿದಂತೆ ಕಾಣುತ್ತದೆ. ಕುತ್ತಿಗೆ ಮೊದಲಿನಷ್ಟು ತಿರುಗುವುದಿಲ್ಲ, ಬ್ರೇಕಿನತ್ತ ಕಾಲು ಹೋಗುವುದು ಒಂದು ಕ್ಷಣ ತಡವಾಗುತ್ತದೆ. ಆದ್ದರಿಂದ 'ನನಗೇನೂ ಆಗಿಲ್ಲ' ಎಂಬ ಹಿರಿಯರ ಮಾತು ಸುಳ್ಳಲ್ಲ, ಅವರು ಪ್ರಾಮಾಣಿಕವಾಗಿಯೇ ಹೇಳುತ್ತಿರುತ್ತಾರೆ. ಆದರೂ ಅದು ನಿಜವಾಗಿರಬೇಕೆಂದಿಲ್ಲ.

2019ರ ಎಪ್ರಿಲ್‌ನಲ್ಲಿ ಜಪಾನಿನ ಟೋಕಿಯೋದ ಇಕೆಬುಕುರೋ ಎಂಬಲ್ಲಿ ನಡೆದದ್ದು ಇದಕ್ಕೆ ಕಹಿ ಉದಾಹರಣೆ. ಉನ್ನತ ಸರಕಾರಿ ಹುದ್ದೆಯಲ್ಲಿದ್ದು ನಿವೃತ್ತರಾಗಿದ್ದ 87ರ ವೃದ್ಧರೊಬ್ಬರ ಕಾರು ಹತೋಟಿ ತಪ್ಪಿ ಓಡಿ ಓರ್ವ ತಾಯಿ ಮತ್ತು ಆಕೆಯ ಮೂರು ವರ್ಷದ ಮಗಳು ಸಾವಿಗೀಡಾದರು. ಕಾರಿನಲ್ಲೇ ದೋಷವಿತ್ತು, ತಾನು ಒತ್ತಿದ್ದು ಬ್ರೇಕನ್ನೇ ಎಂದು ಆ ವೃದ್ಧರು ವಾದಿಸಿದರು. ಬ್ರೇಕೆಂದು ಭಾವಿಸಿ ಆಕ್ಸಿಲರೇಟರನ್ನು ಒತ್ತಿದ್ದರೆಂದು ನ್ಯಾಯಾಲಯ ತೀರ್ಮಾನಿಸಿ 2021ರಲ್ಲಿ ಐದು ವರ್ಷಗಳ ಶಿಕ್ಷೆ ವಿಧಿಸಿತು. ಅಪಘಾತ ನಡೆದ ಆ ವರ್ಷ ಜಪಾನಿನಲ್ಲಿ ಸುಮಾರು 6 ಲಕ್ಷ ಮಂದಿ ತಾವಾಗಿಯೇ ಲೈಸೆನ್ಸ್ ಮರಳಿಸಿದರು. 75 ದಾಟಿದವರಿಗೆ ಅಲ್ಲಿ ನವೀಕರಣದ ವೇಳೆ ನೆನಪು ಮತ್ತು ಗ್ರಹಿಕೆಯ ಪರೀಕ್ಷೆ ಮೊದಲೇ ಇತ್ತು. 2022ರಿಂದ, ಆ ವಯೋಮಾನದವರು ಕೆಲವು ಬಗೆಯ ಸಂಚಾರ ನಿಯಮಗಳನ್ನು ಮುರಿದಿದ್ದರೆ ವಾಹನ ಓಡಿಸಿಯೂ ತೋರಿಸಬೇಕು.

ಇಲ್ಲಿ ನಮ್ಮನ್ನು ಕಾಡುವ ಪ್ರಶ್ನೆ ಕಾನೂನಿನದ್ದಷ್ಟೇ ಅಲ್ಲ. ತಂದೆ ತಾಯಿ ಮುಪ್ಪಿಗೆ ತಲುಪಿದಾಗ ಅವರ ಮುಂದೆ ಬೇಸರದ ಒಂದು ಉದ್ಗಾರವೂ ಸಲ್ಲದೆಂದು ಪವಿತ್ರ ಕುರ್‌ಆನ್ ಬನೀ ಇಸ್ರಾಈಲ್ ಅಧ್ಯಾಯದಲ್ಲಿ ಕಲಿಸುತ್ತದೆ. ಅಂತಹ ತಂದೆಯ ಕೈಯಿಂದ ಮಗ ಕೀಲಿಕೈ ಕೇಳುವುದು ಹೇಗೆ? ಆದರೆ ಅದೇ ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ, ಸತ್ಯದ ಸಾಕ್ಷ್ಯ ಸ್ವಂತಕ್ಕೆ ಅಥವಾ ಹೆತ್ತವರಿಗೆ ವಿರುದ್ಧವಾಗಿದ್ದರೂ ನ್ಯಾಯದ ಪರ ನಿಲ್ಲಬೇಕೆಂದು ಆದೇಶಿಸುತ್ತದೆ. ಇವೆರಡೂ ಪರಸ್ಪರ ವಿರುದ್ಧವಲ್ಲ. ಮೊದಲನೆಯದು ನಾವು ಹೇಗೆ ಮಾತನಾಡಬೇಕೆಂದು ಹೇಳುತ್ತದೆ, ಎರಡನೆಯದು ಏನನ್ನು ಮುಚ್ಚಿಡಬಾರದೆಂದು ಹೇಳುತ್ತದೆ. ವೈದ್ಯರ ಸಹಿಯೂ ಒಂದು ಸಾಕ್ಷ್ಯವೇ. ನೋಡದೆ ಹಾಕಿದ ಸಹಿ, ಅದು ಎಷ್ಟೇ ಪ್ರೀತಿಯಿಂದ ಹಾಕಿದ್ದಾದರೂ, ಸುಳ್ಳು ಸಾಕ್ಷ್ಯ. ಅದರ ಬೆಲೆಯನ್ನು ತೆರುವವರು ವೈದ್ಯರಲ್ಲ, ಮಾಸ್ಟ್ರೂ ಅಲ್ಲ, ರಸ್ತೆಯಂಚಿನಲ್ಲಿ ನಡೆಯುವ ಯಾರದೋ ಮಗು.

ಇದಕ್ಕೆ ನಮ್ಮ ಪರಂಪರೆಯಲ್ಲೇ ಒಂದು ಸುಂದರ ಮಾದರಿಯಿದೆ. ಹದೀಸ್ ವಿದ್ವಾಂಸರು ಒಬ್ಬ ವರದಿಗಾರನ ಸತ್ಯಸಂಧತೆಯನ್ನು ಮಾತ್ರವಲ್ಲ, ಅವನ ನೆನಪಿನ ಶಕ್ತಿಯನ್ನೂ ಪರಿಶೀಲಿಸುತ್ತಿದ್ದರು. ವೃದ್ಧಾಪ್ಯದಲ್ಲಿ ಯಾರ ನೆನಪು ಕಲಸಿಹೋಯಿತೆಂಬುದನ್ನು ಹೆಸರು ಸಹಿತ ದಾಖಲಿಸಿ, ಅದಕ್ಕೆ ಮುಂಚಿನ ವರದಿಗಳನ್ನು ಸ್ವೀಕರಿಸಿ, ಅನಂತರದವುಗಳನ್ನು ಬದಿಗಿಟ್ಟರು. ಹಿಜರಿ ಎರಡನೆಯ ಶತಮಾನದಲ್ಲಿ ಬಸ್ರಾದಲ್ಲಿದ್ದ ಜರೀರ್ ಬಿನ್ ಹಾಝಿಮ್ ದೊಡ್ಡ ವಿದ್ವಾಂಸರು. ಕೊನೆಗಾಲದಲ್ಲಿ ಅವರ ನೆನಪು ಮಸುಕಾಯಿತು. ಅವರ ಮಕ್ಕಳೂ ಹದೀಸ್ ಬಲ್ಲವರು. ತಂದೆಯಲ್ಲಾದ ಬದಲಾವಣೆಯನ್ನು ಗುರುತಿಸಿದೊಡನೆ, ಅವರಿಂದ ಹದೀಸ್ ಕೇಳಲು ಬರುವವರನ್ನು ತಡೆದರು. ಆ ಸ್ಥಿತಿಯಲ್ಲಿ ಅವರಿಂದ ಯಾರೂ ಏನನ್ನೂ ಕೇಳಲಿಲ್ಲವೆಂದು ವಿದ್ವಾಂಸರು ಬರೆದಿಟ್ಟಿದ್ದಾರೆ. ಹೀಗಾಗಿ ಅವರ ಜೀವಮಾನದ ದುಡಿಮೆಗೆ ಆ ಕಾರಣದಿಂದ ಕಲೆ ತಗಲಲಿಲ್ಲ. ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿ ಅವರ ವರದಿಗಳು ಇಂದಿಗೂ ಇವೆ.

ಆ ಮಕ್ಕಳು ತಂದೆಯನ್ನು ಅವಮಾನಿಸಿದರೇ? ಇಲ್ಲ, ತಂದೆಯ ಗೌರವವನ್ನು ಕಾಪಾಡಿದ್ದೇ ಅವರು. ನಲುವತ್ತು ವರ್ಷ ಯಾರಿಗೂ ನೋವಾಗದಂತೆ ವಾಹನ ಓಡಿಸಿದವರ ಬದುಕಿನ ಕೊನೆಯ ಪುಟದಲ್ಲಿ ಒಂದು ಮಗುವಿನ ರಕ್ತ ಬೀಳದಂತೆ ನೋಡಿಕೊಳ್ಳುವುದು ಅಂತಹದೇ ಸೇವೆ.

ಆದ್ದರಿಂದ ನಮಗೆ ಬೇಕಿರುವುದು ವಯಸ್ಸಿನ ನಿಷೇಧವಲ್ಲ, ಪ್ರಾಮಾಣಿಕ ಪರೀಕ್ಷೆ. ಎಪ್ಪತ್ತರ ಬಳಿಕ ಎರಡು ಮೂರು ವರ್ಷಗಳಿಗೊಮ್ಮೆ, ಪರಿಚಯದ ವೈದ್ಯರ ಬಳಿಯಲ್ಲದೆ, ಅರ್ಜಿದಾರರು ಯಾರೆಂದು ತಿಳಿಯದವರಿಂದ ಕಣ್ಣಿನ ತಪಾಸಣೆ ನಡೆಯಲಿ. ಚಿಕ್ಕದಾದರೂ ಸರಿ, ನಿಜವಾದ ಚಾಲನಾ ಪರೀಕ್ಷೆಯಿರಲಿ. ಎಲ್ಲರಿಗೂ ಒಂದೇ ನಿಯಮವಾದಾಗ ಯಾರಿಗೂ ಅವಮಾನವಿಲ್ಲ. ಕೀಲಿಕೈ ಕೇಳುವ ಕಠಿಣ ಕೆಲಸವೂ ಮಗನೊಬ್ಬನ ಹೆಗಲ ಮೇಲೆ ಬೀಳುವುದಿಲ್ಲ. 'ಹೌದು', 'ಇಲ್ಲ' ಎಂಬ ಎರಡೇ ಉತ್ತರಗಳೂ ಬೇಕಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 85 ದಾಟಿದವರು ರಸ್ತೆಯಲ್ಲಿ ವಾಹನ ಓಡಿಸಿ ತೋರಿಸಬೇಕು, ಅಥವಾ ಮನೆಯ ಸುತ್ತಮುತ್ತ ಮಾತ್ರ ಓಡಿಸುವ ಸೀಮಿತ ಲೈಸೆನ್ಸ್ ಪಡೆಯಬಹುದು. ಹಗಲಿನಲ್ಲಿ ಮಾತ್ರ, ಹೆದ್ದಾರಿಗಿಳಿಯದೆ, ಎಂಬ ಷರತ್ತು ನಮ್ಮಲ್ಲೂ ಸಾಧ್ಯ.

ಆದರೆ ಕೀಲಿಕೈ ಪಡೆದಲ್ಲಿಗೆ ನಮ್ಮ ಹೊಣೆ ಮುಗಿಯುವುದಿಲ್ಲ. ಡೆನ್ಮಾರ್ಕ್‌ನಲ್ಲಿ 2006ರಲ್ಲಿ ವೃದ್ಧ ಚಾಲಕರಿಗೆ ಗ್ರಹಿಕೆಯ ಪರೀಕ್ಷೆ ಕಡ್ಡಾಯವಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇದರಿಂದ ಸುರಕ್ಷತೆ ಹೆಚ್ಚಲಿಲ್ಲವೆಂದೂ, ನಡೆದೋ ಸೈಕಲಿನಲ್ಲೋ ಹೋಗುವ ವೃದ್ಧರ ಸಾವು ಹೆಚ್ಚಿತೆಂದೂ ಕಂಡುಕೊಂಡಿತು. ಕಾರು ಬಿಟ್ಟವರು ರಸ್ತೆಗೆ ಕಾಲ್ನಡಿಗೆಯಲ್ಲಿ ಬಂದಿದ್ದರೆಂದೇ ಇದರರ್ಥ. ಪರೀಕ್ಷೆಯೇ ಬೇಡವೆಂದು ನಾವು ಇದರಿಂದ ತಿಳಿಯಬೇಕಾಗಿಲ್ಲ. ಕಣ್ಣು, ಕೈಕಾಲು, ರಸ್ತೆಯಲ್ಲಿನ ಚಾಲನೆ, ಇವನ್ನು ನೇರವಾಗಿ ನೋಡದ ಪರೀಕ್ಷೆ ಸಾಲದು. ಕಸಿದುಕೊಂಡ ಪ್ರಯಾಣಕ್ಕೆ ಬದಲಿ ಕೊಡದಿದ್ದರೆ ಯಾವ ಪರೀಕ್ಷೆಯೂ ಸಾಲದು.

ನಮ್ಮ ಕರಾವಳಿಯ ಸ್ಥಿತಿ ನೋಡಿ. ಇಲ್ಲಿ ಅನೇಕ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳು. ಎತ್ತರದ ಮೆಟ್ಟಿಲು, ಹತ್ತುವ ಮೊದಲೇ ಸೀಟಿ. ಸರಕಾರಿ ಬಸ್ಸಿನ ರಿಯಾಯಿತಿ ಇಲ್ಲಿ ಸಿಗದು. ಮೊಣಕಾಲು ನೋವಿನ ಹಿರಿಯರು ಸ್ಕೂಟರ್ ಬಿಟ್ಟರೆ ಮನೆಯೊಳಗೇ ಬಂದಿಯಾಗುತ್ತಾರೆ. ಇನ್ನೊಂದು ಮಾತನ್ನೂ ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ನಮ್ಮ ತಾಯಂದಿರಲ್ಲಿ ಹೆಚ್ಚಿನವರ ಕೈಯಲ್ಲಿ ಎಂದೂ ಕೀಲಿಕೈ ಇರಲಿಲ್ಲ. ಆಸ್ಪತ್ರೆಗೋ ತವರಿಗೋ ಹೋಗಲು ಅವರು ಜೀವನವಿಡೀ ಮತ್ತೊಬ್ಬರ ಬಿಡುವಿಗಾಗಿ ಕಾದಿದ್ದಾರೆ. ಆ ಕಾಯುವಿಕೆ ಗಂಡಸರ ಪಾಲಿಗೆ ಬಂದಾಗ ಮಾತ್ರ ಅದು ನಮಗೆ ಸಮಸ್ಯೆಯಾಗಿ ಕಂಡಿದೆ.

ಜಮಾಅತ್‌ಗಳು ಮನಸ್ಸು ಮಾಡಿದರೆ ಇಲ್ಲಿ ಸಣ್ಣದೊಂದು ಆರಂಭ ಸಾಧ್ಯ. ಪ್ರತಿ ಬೀದಿಯಲ್ಲೂ ಬೈಕು, ಕಾರು ಇರುವ ಯುವಕರಿದ್ದಾರೆ. ಫಜ್ರ್‌ಗೆ, ಜುಮಾಗೆ, ಆಸ್ಪತ್ರೆಗೆ ಹಿರಿಯರನ್ನು ಕರೆದೊಯ್ಯುವ ಸರದಿಯೊಂದನ್ನು ಗೊತ್ತುಮಾಡುವುದಕ್ಕೆ ಹಣವೂ ಬೇಡ, ಸಮಿತಿಯೂ ಬೇಡ. ದಾರಿಯಿಂದ ಮುಳ್ಳು ಸರಿಸುವುದನ್ನೂ ವಿಶ್ವಾಸದ ಭಾಗವೆಂದು ಎಣಿಸುವ ಧರ್ಮ ನಮ್ಮದು. ಹಾಗಿರುವಾಗ ದಾರಿಯನ್ನು ಇಬ್ಬರಿಗೂ, ನಡೆಯುವ ಮಗುವಿಗೂ ಮಸೀದಿಗೆ ಹೊರಟ ವೃದ್ಧನಿಗೂ, ಸುರಕ್ಷಿತವಾಗಿಸುವುದು ಚಿಕ್ಕ ಕೆಲಸವೇ?

ಮಾಸ್ಟ್ರು ಈಗ ಸ್ಕೂಟರ್ ಮಾರಿದ್ದಾರೆ. ಪೊರೆಯ ಶಸ್ತ್ರಚಿಕಿತ್ಸೆಯೂ ಆಗಿದೆ. ಫಜ್ರ್‌ಗೆ ಪಕ್ಕದ ಮನೆಯ ಹುಡುಗನ ಬೈಕಿನ ಹಿಂದೆ ಕುಳಿತು ಬರುತ್ತಾರೆ. ಹುಡುಗ ವೇಗ ಹೆಚ್ಚಿಸಿದರೆ ಹಿಂದಿನಿಂದ ಗದರುತ್ತಾರಂತೆ. ಮೊದಲು ಏಳಲು ಒದ್ದಾಡುತ್ತಿದ್ದ ಆ ಹುಡುಗ ಈಗ ಒಂದು ಫಜ್ರನ್ನೂ ತಪ್ಪಿಸುವುದಿಲ್ಲ.