ಅರಮನೆಯ ಅಂಗಳದಲ್ಲಿ ನೋಡುವವನ ಧರ್ಮ

ಚಾತುರ್ಮಾಸ್ಯ ಮುಗಿದು ಕಾರ್ತಿಕ ಕಳೆದೊಡನೆ ಮುನಿಗಳು ಪುನಃ ವಿಹಾರಕ್ಕೆ ತೊಡಗುತ್ತಾರೆ. ಮಳೆಗಾಲದಲ್ಲಿ ಹುಟ್ಟುವ ಅಸಂಖ್ಯ ಸೂಕ್ಷ್ಮಜೀವಿಗಳಿಗೆ ಬಾಧೆಯಾಗದಿರಲೆಂದು ನಾಲ್ಕು ತಿಂಗಳು ಒಂದೆಡೆ ನಿಂತವರು, ನಿಂತ ನೆಲದ ಮೇಲೆ ಮೋಹ ಬೇರೂರದಿರಲೆಂದು ಮುಂದೆ ನಡೆಯುತ್ತಾರೆ. ಇದೇ ಚಳಿಗಾಲದಲ್ಲಿ ಗೃಹಸ್ಥರಾದ ನಾವೂ ಮಕ್ಕಳು ಮರಿಗಳೊಡನೆ ಪ್ರವಾಸ ಹೊರಡುತ್ತೇವೆ. ಋತು ಒಂದೇ ಆದರೂ ಈ ಎರಡು ಸಂಚಾರಗಳ ಉದ್ದೇಶ ಒಂದಲ್ಲ. ಹಾಗಾದರೆ ಪ್ರವಾಸಿಗನಿಗೂ ಒಂದು ಧರ್ಮವಿದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮಂಗಳೂರಿನವರಿಗೆ ಈ ಪ್ರಶ್ನೆಯನ್ನು ಪರೀಕ್ಷಿಸಿಕೊಳ್ಳಲು ದೂರ ಹೋಗಬೇಕಾಗಿಲ್ಲ. ನೇತ್ರಾವತಿಯ ಆಚೆ ದಡದ ಉಳ್ಳಾಲವು ಜೈನ ಅರಸರಾದ ಚೌಟರ ಹಳೆಯ ನೆಲೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ ಇದೇ ವಂಶದವಳು. ಅಳಿಯಸಂತಾನದ ಕಟ್ಟಿನಂತೆ ಹೆಣ್ಣಿನ ಸಂತತಿಯ ಮೂಲಕ ಸಾಗಿಬಂದ ಈ ಮನೆತನವು ಪುತ್ತಿಗೆಯಲ್ಲಿಯೂ ಅನಂತರ ಮೂಡಬಿದಿರೆಯಲ್ಲಿಯೂ ನೆಲೆಸಿತು. ಮಂಗಳೂರಿನಿಂದ ಸುಮಾರು 35 ಕಿಲೋಮೀಟರು ದೂರದ ಮೂಡಬಿದಿರೆಗೆ ಬರುವ ಯಾತ್ರಿಕರು 1430ರಲ್ಲಿ ನಿರ್ಮಾಣವಾದ ಸಾವಿರ ಕಂಬದ ಬಸದಿಯ ದರ್ಶನ ಮಾಡಿ, ಬಳಿಕ ಚೌಟರ ಅರಮನೆಯತ್ತ ಹೆಜ್ಜೆ ಹಾಕುವುದು ರೂಢಿ.

ಮೈಸೂರಿನ ಅರಮನೆಯನ್ನು ಕಂಡವರು ಇಲ್ಲಿ ಅಂಥ ವೈಭವವನ್ನು ನಿರೀಕ್ಷಿಸಬಾರದು. ಇಲ್ಲಿನ ಸಂಪತ್ತು ಮರದ ಕಂಬಗಳ ಕೆತ್ತನೆಯಲ್ಲಿದೆ. ಒಂದೆಡೆ ಒಂಬತ್ತು ಮಂದಿ ಸ್ತ್ರೀಯರು ಹೆಣೆದುಕೊಂಡು ಆನೆಯ ಆಕಾರ ತಾಳಿದ ನವನಾರೀಕುಂಜರ. ಇನ್ನೊಂದೆಡೆ ಐವರು ಸ್ತ್ರೀಯರು ಸೇರಿ ಕುದುರೆಯಾದ ಪಂಚನಾರೀತುರಗ. ಆದರೆ ಈ ಅರಮನೆ ವಸ್ತುಸಂಗ್ರಹಾಲಯವಲ್ಲ. ಅರಸುತನ ಹೋಗಿ ಶತಮಾನಗಳಾದರೂ ಆ ವಂಶದವರು ಬಾಳುತ್ತಿರುವ ಮನೆ ಇದು. ನಮ್ಮ ಪ್ರಶ್ನೆ ಹರಿತವಾಗುವುದು ಇಲ್ಲಿಯೇ.

ಕೊಡದೆ ಇದ್ದುದನ್ನು ತೆಗೆದುಕೊಳ್ಳದಿರುವುದು ಅಚೌರ್ಯ. ಈ ವ್ರತವನ್ನು ನಾವು ಸಾಮಾನ್ಯವಾಗಿ ಹಣಕ್ಕೆ, ವಸ್ತುವಿಗೆ, ಭೂಮಿಗೆ ಅನ್ವಯಿಸುತ್ತೇವೆ. ದೃಷ್ಟಿಗೆ ಅನ್ವಯಿಸುವುದು ಕಡಿಮೆ. ಕೇಳದೆ ಚಾವಡಿ ದಾಟಿ ಒಳಗೆ ಇಣುಕುವುದು, ಮನೆಯವರ ಊಟದ ಹೊತ್ತನ್ನೂ ಪೂಜೆಯ ಹೊತ್ತನ್ನೂ ಲೆಕ್ಕಿಸದೆ ಚಿತ್ರ ತೆಗೆಯುವುದು, ‘ಇದು ಇತಿಹಾಸ, ಆದ್ದರಿಂದ ಎಲ್ಲರದು’ ಎಂದು ಸಮರ್ಥಿಸಿಕೊಳ್ಳುವುದು, ಇವೆಲ್ಲ ಯಾವ ಗುಂಪಿಗೆ ಸೇರಿದವು? ಇತಿಹಾಸದ ನೆನಪು ಎಲ್ಲರದು, ನಿಜ. ಹೊಸ್ತಿಲು ಮಾತ್ರ ಅಲ್ಲಿ ವಾಸಿಸುವವರದು. ಅನುಮತಿಯಿಂದ ನೋಡಿದ್ದು ದರ್ಶನವಾಗುತ್ತದೆ. ಅನುಮತಿಯಿಲ್ಲದೆ ನೋಡಿದ್ದು ಅದತ್ತಾದಾನಕ್ಕೆ ಬಹಳ ದೂರವಿಲ್ಲ.

ಎರಡನೆಯ ವಿಚಾರ ಇನ್ನೂ ಸೂಕ್ಷ್ಮವಾದುದು. ಹಳೆಯ ಮನೆಯ ಮಾಸಿದ ಬಣ್ಣವನ್ನೂ ಬಿರಿದ ಗೋಡೆಯನ್ನೂ ಕಂಡಾಗ ‘ಅಯ್ಯೋ, ಎಂಥ ವೈಭವ ಹೇಗಾಯಿತು!’ ಎಂದು ನಿಟ್ಟುಸಿರಿಡುವುದು ನಮಗೆ ಅಭ್ಯಾಸವಾಗಿದೆ. ಆ ವೈಭವ ಎಲ್ಲಿಂದ ಬಂದಿತ್ತು? ದಕ್ಷಿಣ ಕನ್ನಡದ ದೊಡ್ಡ ಮನೆತನಗಳ ಪತ್ತಾಯ ತುಂಬುತ್ತಿದ್ದುದು ಗೇಣಿಯ ಭತ್ತದಿಂದ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ತಾವು ಉಳುವ ಗದ್ದೆಗೆ ಒಡೆಯರಾದರು. ಅನೇಕ ಮನೆತನಗಳ ಆದಾಯ ಕುಗ್ಗಿತು. ಅದೇ ದಿನಗಳಲ್ಲಿ ಅನೇಕ ಒಕ್ಕಲುಗಳ ಒಲೆ ನಿಶ್ಚಿಂತೆಯಿಂದ ಉರಿಯತೊಡಗಿತು. ಒಂದನ್ನೇ ಕಂಡು ಮರುಗುವುದೂ ಏಕಾಂತ, ಇನ್ನೊಂದನ್ನೇ ಕಂಡು ಹಿಗ್ಗುವುದೂ ಏಕಾಂತ. ಮನೆಯವರ ಕಷ್ಟವೂ ಸತ್ಯ, ಒಕ್ಕಲಿನವರ ಬಿಡುಗಡೆಯೂ ಸತ್ಯ ಎಂದು ಒಟ್ಟಿಗೆ ಹೇಳಬಲ್ಲವನಿಗೆ ಅನೇಕಾಂತ ಕೇವಲ ಸಿದ್ಧಾಂತವಾಗಿ ಉಳಿಯುವುದಿಲ್ಲ. ನವನಾರೀಕುಂಜರವನ್ನು ದೂರದಿಂದ ಕಂಡವನಿಗೆ ಆನೆ ತೋರುತ್ತದೆ. ಹತ್ತಿರ ಬಂದವನಿಗೆ ಬಾಗಿದ, ಚಾಚಿದ, ಹೊತ್ತು ನಿಂತ ಒಂಬತ್ತು ದೇಹಗಳು ತೋರುತ್ತವೆ. ಅರಸೊತ್ತಿಗೆಯೂ ಹಾಗೆಯೇ ಅನೇಕರ ಮೈಯಿಂದ ಆದ ಒಂದು ಆನೆ.

ಇಷ್ಟು ಕೇಳಿದ ಮೇಲೆ ಕೆಲವರು ಆಕ್ಷೇಪಿಸಬಹುದು: ಎಲ್ಲವೂ ಅನಿತ್ಯವಾದರೆ, ಪರಿಗ್ರಹವೇ ಬಂಧನವಾದರೆ, ಮರದ ಕಂಬಗಳನ್ನು ಕಾಪಾಡುವ ಹಂಬಲವೇಕೆ? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಾಡಿನಲ್ಲಿ ಮರ ಗೆದ್ದಲಿಗೂ ತೇವಕ್ಕೂ ತುತ್ತಾಗುವುದು ಸಹಜವಲ್ಲವೇ? ಆಕ್ಷೇಪಕ್ಕೆ ಉತ್ತರ ಆಗಮದಲ್ಲಿಯೇ ಇದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಿಂದ ಅಳೆಯದೆ, ವಸ್ತುವಿನ ಕುರಿತ ಮೂರ್ಛೆಯಿಂದ ಗುರುತಿಸಿದ್ದಾರೆ. ಕಾಯುವುದು ಬೇರೆ, ಅಂಟಿಕೊಳ್ಳುವುದು ಬೇರೆ.

ಇದಕ್ಕೆ ಮೂಡಬಿದಿರೆಯಲ್ಲಿಯೇ ನಿದರ್ಶನವಿದೆ. ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಇಲ್ಲಿ ಸುರಕ್ಷಿತವಾಗಿದ್ದವು. ಬಹುಕಾಲ ಅವು ಭಕ್ತರಿಗೆ ದರ್ಶನಕ್ಕಷ್ಟೇ ದೊರೆಯುತ್ತಿದ್ದವು. ಮುಂದೆ ಪ್ರತಿಗಳಾಗಿ, 1939ರಿಂದ ಮುದ್ರಣಗೊಂಡು, ಜಿಜ್ಞಾಸುಗಳೆಲ್ಲರ ಕೈಸೇರಿದವು. ಕಾಪಾಡಿದವರ ಶ್ರಮವಿಲ್ಲದಿದ್ದರೆ ಓದಲು ಏನೂ ಉಳಿಯುತ್ತಿರಲಿಲ್ಲ. ಹಂಚಿದವರ ಔದಾರ್ಯವಿಲ್ಲದಿದ್ದರೆ ಉಳಿದೂ ಫಲವಿರುತ್ತಿರಲಿಲ್ಲ. ರಕ್ಷಣೆಯು ದಾನದಲ್ಲಿ ಮುಗಿದಾಗ ಅಲ್ಲಿ ಮೂರ್ಛೆಗೆ ಎಡೆಯಿಲ್ಲ.

ಅರಮನೆಯ ವಿಷಯದಲ್ಲಿಯೂ ಈ ನ್ಯಾಯ ಸಲ್ಲುತ್ತದೆ. ಅದನ್ನು ತೋರಿಸುವ ಔದಾರ್ಯವನ್ನು ಮನೆಯವರಿಂದ ನಿರೀಕ್ಷಿಸುವ ಸಮಾಜವು, ಅದನ್ನು ಉಳಿಸುವ ಭಾರದಲ್ಲಿ ತನ್ನ ಪಾಲೆಷ್ಟೆಂದು ಕೇಳಿಕೊಳ್ಳಬೇಕು. ಅಬ್ಬಕ್ಕನ ಹೆಸರಿನಲ್ಲಿ ಉತ್ಸವ ನಡೆಸುತ್ತೇವೆ, ಭಾಷಣ ಮಾಡುತ್ತೇವೆ, ಪ್ರತಿಮೆ ನಿಲ್ಲಿಸುತ್ತೇವೆ. ಆಕೆಯ ವಂಶದ ಮನೆಯ ಒಂದು ಜಂತಿ ಬದಲಾಗಬೇಕಾದಾಗ ಮಾತ್ರ ಅದು ಅವರ ಖಾಸಗಿ ವಿಷಯವಾಗಿಬಿಡುತ್ತದೆ. ಹೆಮ್ಮೆ ಎಲ್ಲರದು, ವೆಚ್ಚ ಒಬ್ಬರದು ಎಂಬ ಈ ವ್ಯವಹಾರ ನ್ಯಾಯವಾದುದಲ್ಲ.

ಆದುದರಿಂದ ಈ ಚಳಿಗಾಲದಲ್ಲಿ ಮೂಡಬಿದಿರೆಗೆ ಹೋಗುವ ಶ್ರಾವಕ ಶ್ರಾವಿಕೆಯರು ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಕೇಳಲಿ. ಬೇಡವೆಂದರೆ ಮನಸ್ಸಿನಲ್ಲಿ ಕಹಿಯಿಲ್ಲದೆ ಹಿಂತಿರುಗಲಿ. ಬನ್ನಿ ಎಂದರೆ, ಮಕ್ಕಳನ್ನು ಆ ಕಂಬದ ಬಳಿಗೆ ಕರೆದೊಯ್ದು, ಆನೆಯನ್ನು ತೋರಿಸಿದ ಮೇಲೆ ಆ ಒಂಬತ್ತು ಮಂದಿಯನ್ನು ಒಬ್ಬೊಬ್ಬರನ್ನಾಗಿ ಎಣಿಸಲು ಹೇಳಲಿ.