ಯಾರ ಕೈಯ ಅಳತೆಗೆ?

ಬಂದೂಕಿಗೆ ಜಾತಿ ಇಲ್ಲ ಅನ್ನುವವರಿದ್ದಾರೆ. ಕುದುರೆ ಎಳೆದರೆ ಗುಂಡು ಹಾರುತ್ತದೆ, ಎಳೆದವನು ಗೌಡನೋ ಹೊಲೆಯನೋ ಅಂತ ಅದು ಕೇಳುವುದಿಲ್ಲ ಅನ್ನುತ್ತಾರೆ. ಮಾತು ಕೇಳಲಿಕ್ಕೆ ಚೆಂದ. ಆದರೆ ಬಂದೂಕು ಕೇಳುತ್ತದೆ. ಮೊದಲು ಲೈಸೆನ್ಸು ಎಲ್ಲಿ ಅಂತ ಕೇಳುತ್ತದೆ. ಆಮೇಲೆ ಯಾವ ಕೈ ಅಂತ ಕೇಳುತ್ತದೆ. ಎಡಗೈ ಅಂದರೆ ಮುಖ ತಿರುಗಿಸುತ್ತದೆ.

ಇದು ಅಲಂಕಾರದ ಮಾತಲ್ಲ, ಕಬ್ಬಿಣದ ಮಾತು. ಎರಡು ಮಹಾಯುದ್ಧಗಳಲ್ಲಿ ನಮ್ಮ ನಾಡಿನ ಸಿಪಾಯಿಗಳು ಹೊತ್ತ, ಆಮೇಲೆ ಎಷ್ಟೋ ವರ್ಷ ಪೊಲೀಸರ ಹೆಗಲ ಮೇಲೆ ನಾವೆಲ್ಲ ಕಂಡ .303 ಲೀ-ಎನ್‌ಫೀಲ್ಡ್ ರೈಫಲ್ಲನ್ನೇ ತಗೊಳ್ಳಿ. ಅದರ ಬೋಲ್ಟಿನ ಹಿಡಿಕೆ ಬಲಕ್ಕಿದೆ. ಬಲಗೈಯವನು ಎಡಗೈಯಲ್ಲಿ ಬಂದೂಕನ್ನು ಆನಿಸಿಕೊಂಡು, ಬಲಗೈಯಲ್ಲಿ ಕುದುರೆ ಎಳೆಯುತ್ತಾನೆ. ಅದೇ ಕೈಯಿಂದ ಬೋಲ್ಟು ಎತ್ತಿ, ಹಿಂದಕ್ಕೆಳೆದು, ಮುಂದೂಡಿ ಮತ್ತೆ ಕುದುರೆಗೆ ಬರುತ್ತಾನೆ. ಬಂದೂಕು ಹೆಗಲು ಬಿಟ್ಟು ಕದಲಬೇಕಾಗಿಲ್ಲ. ಎಡಗೈಯವನು ತನ್ನ ಎಡ ಹೆಗಲಿಗೆ ಇಟ್ಟನೋ, ಆನಿಕೆಗೆ ಇದ್ದ ಬಲಗೈಯನ್ನೇ ಬಿಡಿಸಬೇಕು. ಇಲ್ಲವೇ ಎಡಗೈಯನ್ನು ಬಂದೂಕಿನ ಮೇಲಿಂದ ಆಚೆ ಮಗ್ಗುಲಿಗೆ ಚಾಚಬೇಕು. ಒಂದೊಂದು ಗುಂಡಿಗೂ ಅವನ ಗುರಿ ಕೆಡುತ್ತದೆ. 1960ರ ದಶಕದಲ್ಲಿ ನಮ್ಮ ಸೈನ್ಯಕ್ಕೆ ಎಸ್.ಎಲ್.ಆರ್. ಬಂತು. ಗುಂಡಿಗೊಮ್ಮೆ ಬೋಲ್ಟು ಎಳೆಯುವ ಕಾಟ ತಪ್ಪಿತು. ಆದರೆ ಖಾಲಿ ತೋಟಾ ಬಲಕ್ಕೇ ಸಿಡಿಯುತ್ತಿತ್ತು, ಎಡ ಹೆಗಲಿನವನ ಮುಖದ ಮುಂದೆ ಹಾದು. 1980ರ ದಶಕದಲ್ಲಿ ಬ್ರಿಟಿಷ್ ಸೈನ್ಯ ತಂದ ಎಸ್.ಎ.80 ರೈಫಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದನ್ನು ಎಡ ಹೆಗಲಿಂದ ಹಾರಿಸಿದರೆ ಖಾಲಿ ತೋಟಾ ಹಾರಿಸಿದವನ ಮುಖಕ್ಕೇ ಬಡಿಯುತ್ತದೆ. ಅದಕ್ಕೇ ಎಡಗೈ ಸಿಪಾಯಿಗಳಿಗೆಲ್ಲ ಬಲಕ್ಕೆ ಹಾರಿಸುವುದನ್ನು ಕಲಿಸಿದರು. ಮನುಷ್ಯರನ್ನು ತಿರುಗಿಸಿದರು, ಬಂದೂಕನ್ನು ತಿರುಗಿಸಲಿಲ್ಲ.

ಜಗತ್ತಿನಲ್ಲಿ ಹತ್ತು ಜನಕ್ಕೆ ಒಬ್ಬರು ಎಡಗೈಯವರು. ನಮ್ಮ ಕಾಲೇಜುಗಳ ಎನ್.ಸಿ.ಸಿ. ಹುಡುಗರಲ್ಲೂ ಅಷ್ಟೇ. .22 ರೈಫಲ್ ಹಿಡಿದು ಮೊದಲ ದಿನ ನೆಲದ ಮೇಲೆ ಮಲಗುವ ಎಡಗೈ ಹುಡುಗನಿಗೆ ಬಲಕ್ಕಿರುವ ಬೋಲ್ಟು ಏನು ಹೇಳುತ್ತದೆ? ‘ತಪ್ಪು ನನ್ನದಲ್ಲ, ನಿಂದು’ ಅಂತ ಹೇಳುತ್ತದೆ. ಹುಡುಗ ನಂಬುತ್ತಾನೆ. ಗುರಿ ತಪ್ಪಿದ್ದು ತನ್ನ ಕೈಯ ದೋಷ ಅಂದುಕೊಳ್ಳುತ್ತಾನೆ. ನಾವು ಇಲ್ಲಿ ಚರ್ಚೆಗೆ ಇಡುತ್ತಿರುವ ನೀತಿಯ ಪ್ರಶ್ನೆ ಇದೇ. ಕೈಗೂ ಸಾಧನಕ್ಕೂ ಹೊಂದಿಕೆ ಆಗದಿದ್ದಾಗ ತಪ್ಪು ಯಾರದು? ಬದಲಾಗಬೇಕಾದವರು ಯಾರು?

ಎಡಗೈಗೆ ಬಂದೂಕೇ ಇಲ್ಲವೇ? ಇದೆ. ಅಮೆರಿಕದ ಸ್ಯಾವೇಜ್, ರೆಮಿಂಗ್ಟನ್ ಕಂಪನಿಗಳು ಎಡಕ್ಕೆ ಬೋಲ್ಟು ಇರುವ ರೈಫಲ್ಲುಗಳನ್ನು ಮಾಡಿ ಮಾರಿವೆ. ಜರ್ಮನಿಯ ಆನ್‌ಶುಟ್ಜ್ ಕಂಪನಿ ಪಂದ್ಯಗಳ ರೈಫಲ್ಲನ್ನು ಎಡಗೈಗೂ ಮಾಡುತ್ತದೆ. ಆದರೆ ಇವು ಕಡಿಮೆ, ಹುಡುಕಬೇಕು, ಬೆಲೆಯೂ ಹೆಚ್ಚು. ಹೊರದೇಶಗಳಲ್ಲಿ ಎಡಗೈಯ ಬೇಟೆಗಾರರು ವರ್ಷಗಟ್ಟಲೆ ಅಂಗಡಿ, ಹರಾಜು ಸುತ್ತಿ ಇಂಥವನ್ನು ಒಂದೊಂದಾಗಿ ಕೂಡಿಹಾಕುತ್ತಾರೆ. ಹುಡುಕಿ ಸಿಕ್ಕ ಒಂದು ರೈಫಲ್ಲು ಅವರಿಗೆ ಸಂಭ್ರಮ. ನಮಗೆ ಆ ಸಂಭ್ರಮದ ಬಗ್ಗೆ ಹೊಟ್ಟೆಕಿಚ್ಚಿಲ್ಲ. ಆದರೆ ಒಂದು ಮಾತು ಗಮನಿಸಬೇಕು. ಬಲಗೈಯವನು ಅಂಗಡಿಗೆ ಹೋಗಿ ಕೊಳ್ಳುತ್ತಾನೆ, ಎಡಗೈಯವನು ಹುಡುಕಿ ಸಂಗ್ರಹಿಸುತ್ತಾನೆ. ಒಬ್ಬನಿಗೆ ಸಹಜವಾಗಿ ಸಿಗುವುದು ಇನ್ನೊಬ್ಬನಿಗೆ ಅಪರೂಪದ ವಸ್ತು. ಊರ ಬಾವಿ ಇದ್ದೂ ಹರದಾರಿ ದೂರದ ಹಳ್ಳಕ್ಕೆ ಕೊಡ ಹೊತ್ತು ಹೋದ ನಮ್ಮ ಅವ್ವಂದಿರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ಈ ಹುಡುಕಾಟಕ್ಕೂ ಜಾಗವಿಲ್ಲ. ಸರಕಾರಿ ಕಾರಖಾನೆಯ .315 ಸ್ಪೋರ್ಟಿಂಗ್ ರೈಫಲ್ಲಿನ ಬೋಲ್ಟು ಬಲಕ್ಕೇ ಇದೆ. ಇನ್ನು ಕಾನೂನು. 1878ರ ಶಸ್ತ್ರಾಸ್ತ್ರ ಕಾಯಿದೆ ಬಿಳಿಯರಿಗೆ ವಿನಾಯಿತಿ ಕೊಟ್ಟು, ಈ ನೆಲದವರು ಲೈಸೆನ್ಸು ಇಲ್ಲದೆ ಆಯುಧ ಇಟ್ಟುಕೊಳ್ಳಬಾರದು ಅಂತು. ಸ್ವತಂತ್ರ ಭಾರತ 1959ರಲ್ಲಿ ಬೇರೆ ಕಾಯಿದೆ ಮಾಡಿತು. ಒಬ್ಬರ ಹೆಸರಿನಲ್ಲಿ ಮೂರು ಬಂದೂಕು ಇರಬಹುದಾಗಿದ್ದದ್ದನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹುಟ್ಟನ್ನೂ ಭೂಮಿಯನ್ನೂ ಗುರುತಿಸಬಲ್ಲ ಕಾನೂನು ಇದು. ಭೂಮಿಯೇ ಇಲ್ಲದವನ ಕೈಗೆ ಕುಡಗೋಲು, ಬಾರಿಗಿ ಬಂದಾವೇ ಹೊರತು ಬಂದೂಕು ಬಂದಿಲ್ಲ. ವಾಡೆಯ ಗೋಡೆಗೆ ತೂಗುಹಾಕಿದ ಜೋಡು ನಳಿಗೆಯ ಬಂದೂಕನ್ನು ನಮ್ಮ ಹಿರಿಯರು ಒರೆಸಿದ್ದಾರೆ, ಹೆಗಲಿಗೆ ಇಟ್ಟವರಲ್ಲ.

ಸಂಗ್ರಹ ಅಂದೆವು. ನಮ್ಮ ಸೀಮೆಯಲ್ಲಿ ಎರಡು ನಮೂನೆ ಸಂಗ್ರಹ ನಡೆದಿವೆ. ಒಂದು, ಕಂಪನಿ ಸರಕಾರದ್ದು. 1857ರಲ್ಲಿ ಜನರೆಲ್ಲ ತಮ್ಮ ಹತಾರ ತಂದೊಪ್ಪಿಸಬೇಕೆಂಬ ಹುಕುಮು ಹೊರಟಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡೋದಿಲ್ಲ ಅಂದರು. ಹತಾರ ಅವರ ಹೊಟ್ಟೆಪಾಡು, ಅವರ ಮಾನ. ನವೆಂಬರದ ಕೊನೆಗೆ ದಂಡು ಬಂದು ಊರು ಸುಟ್ಟಿತು. ಡಿಸೆಂಬರದಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಜನರನ್ನು ಗಲ್ಲಿಗೇರಿಸಿದರು. ಇನ್ನೊಂದು ಸಂಗ್ರಹ ಇಂಡಿ ಸೀಮೆಯ ಹಲಸಂಗಿಯದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಹಲಸಂಗಿ ಗೆಳೆಯರು ಬೀಸುಕಲ್ಲಿನ ಮುಂದಿನ ಹೆಣ್ಣುಮಕ್ಕಳ ಹಾಡು, ಗಂಡಸರ ಲಾವಣಿ ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಮೊದಲನೆಯ ಸಂಗ್ರಹ ಜನರ ಕೈ ಬರಿದು ಮಾಡಿತು. ಎರಡನೆಯದು ಜನರ ಬಾಯನ್ನು ಮರ್ಯಾದೆಯಿಂದ ಕೇಳಿತು. ಹಲಗಲಿಯ ಹತಾರ ಸರಕಾರ ಒಯ್ದರೂ ಹಲಗಲಿಯ ಲಾವಣಿಯನ್ನು ಒಯ್ಯಲಾಗಲಿಲ್ಲ. ಸರಕಾರದ ಅಧಿಕಾರಿ ಫ್ಲೀಟನೇ 1880ರ ದಶಕದಲ್ಲಿ ಅದನ್ನು ಬರೆದು ಅಚ್ಚು ಹಾಕಿಸಬೇಕಾಯಿತು.

ಆ ಕಾಲದ ಬತ್ತಿ ಬಂದೂಕಿನಲ್ಲೂ ಮದ್ದಿನ ಬಟ್ಟಲು ಬಲ ಮಗ್ಗುಲಿಗೇ ಇರುತ್ತಿತ್ತು. ಎಡ ಹೆಗಲಿಗಿಟ್ಟು ಹಾರಿಸುವವನ ಮುಖದ ಎದುರಿಗೇ ಮದ್ದು ಭಗ್ಗೆನ್ನಬೇಕು. ಹತಾರ ಕೊಡೆವು ಅಂದ ಅಷ್ಟು ಜನರಲ್ಲಿ ಎಡಗೈಯವರೂ ಇದ್ದಿರಲೇಬೇಕು. ಅವರು ಎರಡು ಸಲ ಹೋರಾಡಿದರು: ಒಂದು ಕಂಪನಿಯ ಕೂಡ, ಒಂದು ಕೈಯಲ್ಲಿದ್ದ ಬಂದೂಕಿನ ಕೂಡ. ಇಂಥ ಎರಡನೆಯ ಹೋರಾಟ ಯಾವ ದಫ್ತರದಲ್ಲೂ ಬರುವುದಿಲ್ಲ.

ಪುರಾಣದವರಿಗೂ ಈ ಕೈಯ ವಿಚಾರ ಗೊತ್ತಿತ್ತು. ಅರ್ಜುನ ಎಡಗೈಯಲ್ಲೂ ಬಾಣ ಬಿಡುತ್ತಿದ್ದ. ಅವನಿಗೆ ಸವ್ಯಸಾಚಿ ಅಂತ ಬಿರುದು ಕೊಟ್ಟರು. ಏಕಲವ್ಯ ಬಲಗೈಯಲ್ಲಿ ಬಿಡುತ್ತಿದ್ದ. ಅವನ ಹೆಬ್ಬೆರಳು ಕೇಳಿದರು. ಅರಸನ ಮಗನ ಎಡಗೈ ಹೆಚ್ಚುಗಾರಿಕೆ, ಬೇಡರ ಹುಡುಗನ ಬಲಗೈಯೇ ಅಪರಾಧ. ಅಂದಮೇಲೆ ಎಡ-ಬಲದ ನಿರ್ಣಯ ಕೈಯಲ್ಲಿಲ್ಲ, ಕೈ ಯಾರದು ಅನ್ನುವುದರಲ್ಲಿದೆ.

ನಮ್ಮ ಕಡೆ ಎಡಗೈಯವನಿಗೆ ‘ರೊಡ್ಡ’ ಅಂತಾರೆ. ಎಡಗೈಯಲ್ಲಿ ಕೊಟ್ಟರೆ ತಗೊಳ್ಳುವುದಿಲ್ಲ, ಎಡಗೈಯಲ್ಲಿ ಉಂಡರೆ ಪಂಕ್ತಿಯಿಂದ ಏಳಿಸುತ್ತಾರೆ. ಆದರೆ ಮೈಯ ಹೊಲಸು ತೊಳೆಯಲಿಕ್ಕೆ ಅದೇ ಕೈ ಬೇಕು. ಊರಿಗೂ ನಮ್ಮ ಕೇರಿಗೂ ಇರುವ ಸಂಬಂಧ ಇದೇ ಅಲ್ಲವೇನ್ರಿ? ಸತ್ತ ದನ ಎಳೆಯಲಿಕ್ಕೆ ಬೇಕು, ಹಲಗೆ ಬಾರಿಸಲಿಕ್ಕೆ ಬೇಕು, ಊಟದ ಹೊತ್ತಿಗೆ ಮಾತ್ರ ದೂರ ನಿಲ್ಲಬೇಕು. ಊರು ತನ್ನ ಮೈಯಲ್ಲಿ ಎಡಗೈಯನ್ನು ಹೇಗೆ ಇಟ್ಟುಕೊಂಡಿತೋ ನಮ್ಮನ್ನೂ ಹಾಗೇ ಇಟ್ಟುಕೊಂಡಿತು. ಅದು ಸಾಲದೆಂದು ನಮ್ಮನ್ನೇ ಎಡಗೈ, ಬಲಗೈ ಅಂತ ಸೀಳಿ, ಒಬ್ಬರ ಕೈಯಿಂದ ಇನ್ನೊಬ್ಬರು ನೀರು ಕುಡಿಯದಂತೆ ಮಾಡಿತು.

ಕೆಳಗಿನ ಜನ ಯಾಕೆ ದಂಗೆ ಏಳಲಿಲ್ಲ ಅನ್ನುವ ಪ್ರಶ್ನೆಯನ್ನು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಎತ್ತಿದ್ದಾರೆ. ಚಾತುರ್ವರ್ಣ್ಯ ಅವರಿಗೆ ಆಯುಧವನ್ನೂ ಕೊಡಲಿಲ್ಲ, ವಿದ್ಯೆಯನ್ನೂ ಕೊಡಲಿಲ್ಲ, ಅದಕ್ಕೇ ಏಳಲಿಲ್ಲ ಅನ್ನುವುದು ಅವರ ಉತ್ತರ. ಹಾಗಂತ ಆಯುಧ ಹಿಡಿದ ಕೈ ನಮ್ಮಲ್ಲಿ ಇರಲಿಲ್ಲವೆಂದಲ್ಲ. 1818ರ ಜನವರಿ 1ರಂದು ಕೋರೆಗಾಂವದಲ್ಲಿ ಮಹಾರ ಸಿಪಾಯಿಗಳು ಕಾದಿದ್ದರು. ಅದೇ ಬ್ರಿಟಿಷರು 1890ರ ದಶಕದಲ್ಲಿ ಮಹಾರರು ‘ಯುದ್ಧದ ಜಾತಿ’ ಅಲ್ಲ ಅಂತ ಸೈನ್ಯದ ಬಾಗಿಲು ಮುಚ್ಚಿದರು. ಮತ್ತೆ ಯುದ್ಧ ಬಂದು ಜನ ಬೇಕಾದಾಗ, 1941ರ ಅಕ್ಟೋಬರದಲ್ಲಿ, ಮಹಾರ್ ರೆಜಿಮೆಂಟಿನ ಮೊದಲ ಪಟಾಲಮ್ಮನ್ನು ಕಟ್ಟಿದ್ದು ನಮ್ಮ ಬೆಳಗಾವಿಯಲ್ಲಿ.

ಆ ಪಟಾಲಮ್ಮಿನಲ್ಲೂ ಕವಾಯತು ಒಂದೇ, ರೈಫಲ್ಲೂ ಒಂದೇ. ಎಲ್ಲರಿಗೂ ಅದನ್ನೇ ಕೊಟ್ಟರೆ ಅದು ಸಮಾನತೆ ಅಂತ ಲೆಕ್ಕ. ಸಾಲಿನಲ್ಲಿ ನಿಂತ ಎಡಗೈಯವನು ದೂರು ಹೇಳಿದರೆ, ‘ಎಲ್ಲರಿಗೂ ಅದೇ ಕೊಟ್ಟೇವಿ, ನಿಂದೇನು ವಿಶೇಷ?’ ಅನ್ನುತ್ತಾರೆ. ಗೆಳೆಯರೇ, ಈ ಮಾತನ್ನು ನಾವು ಎಲ್ಲೋ ಕೇಳಿದ್ದೇವೆ. ಒಳಮೀಸಲಾತಿ ಕೇಳಿದ ಮಾದಿಗರಿಗೆ ದಶಕಗಟ್ಟಲೆ ಇದೇ ಉತ್ತರ ಬಂತು. ಪರಿಶಿಷ್ಟರಿಗೆಲ್ಲ ಒಂದೇ ಬಾಗಿಲು ಇದೆ, ಒಳಗೆ ಬರಲಾರದಿದ್ದರೆ ಅದು ನಿಮ್ಮ ಕೈಲಾಗದತನ ಅಂದರು. ನಮ್ಮವರೇ ಅಂದರು ಅನ್ನುವುದನ್ನೂ ಇಲ್ಲಿ ಹೇಳಬೇಕು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ, ಪರಿಶಿಷ್ಟ ಜಾತಿಗಳನ್ನು ರಾಜ್ಯಗಳು ಒಳಗೇ ವರ್ಗೀಕರಿಸಬಹುದು ಅಂತ ಬಹುಮತದಿಂದ ತೀರ್ಪು ಕೊಟ್ಟಿತು. ಬಾಗಿಲಿನ ಹಿಡಿಕೆ ಎಲ್ಲರ ಕೈಗೂ ಎಟುಕುತ್ತದೋ ಇಲ್ಲವೋ ನೋಡಬಹುದು ಅನ್ನುವಷ್ಟು ಒಪ್ಪಲಿಕ್ಕೆ ಗಣರಾಜ್ಯಕ್ಕೆ ಎಪ್ಪತ್ತನಾಲ್ಕು ವರ್ಷ ಹಿಡಿಯಿತು.

‘ಎಲ್ಲರ ಕೈಗೂ ಬೇರೆ ಬೇರೆ ಮಾಡಲಿಕ್ಕಾಗುತ್ತದೆಯೇ? ಖರ್ಚು ಎಷ್ಟು?’ ಅಂತ ಕೇಳುವವರಿದ್ದಾರೆ. ಆಗುತ್ತದೆ. ಆಸ್ಟ್ರಿಯಾದವರು 1970ರ ದಶಕದಲ್ಲೇ ಸ್ಟೈಯರ್ ಆಗ್ ಅನ್ನುವ ರೈಫಲ್ ಮಾಡಿದರು. ಅದರಲ್ಲಿ ಬೋಲ್ಟು ಬದಲಿಸಿ, ಖಾಲಿ ತೋಟಾ ಹೊರಬೀಳುವ ಕಿಂಡಿಯನ್ನು ಬಲದಿಂದ ಎಡಕ್ಕೆ ಮಾಡಿಕೊಳ್ಳಬಹುದು. ಅಷ್ಟು ದೂರ ಯಾಕೆ? ನಮ್ಮೂರ ಕಂಬಾರನನ್ನು ನೋಡಿರಿ. ಹಲ್ಲಿನ ಕುಡಗೋಲು ಒಂದೇ ಮಗ್ಗುಲಿಗೆ ಹರಿತ ಇರುತ್ತದೆ, ಎಡಗೈಯವಳಿಗೆ ಅದು ಕೊಯ್ಯುವುದಿಲ್ಲ. ಹೇಳಿದರೆ ಕಂಬಾರ ಆಚೆ ಮಗ್ಗುಲಿಗೆ ಹಲ್ಲು ಕಡಿದು ಕೊಡುತ್ತಾನೆ. ಕೂಲಿಯಾಕೆ ತನ್ನ ಕೈ ಬದಲಿಸಿಕೊಳ್ಳಲಿ ಅಂತ ಅವನು ಹೇಳುವುದಿಲ್ಲ. ಯಾಕೆಂದರೆ ಅವನು ಆ ಕೈಯನ್ನು ಕಣ್ಣಾರೆ ಕಂಡಿದ್ದಾನೆ. ರೈಫಲ್ಲಿನ ನಕ್ಷೆ ಬರೆದವನು ಬಲಗೈಯಿಂದ ಬರೆದ. ಎದುರಿಗೆ ಬೇರೆ ಕೈ ಕಾಣಲಿಲ್ಲ. ಕಾನೂನು ಬರೆದವರ, ಪಠ್ಯ ಬರೆದವರ ಸಂಗತಿಯೂ ಹೀಗೇ. ಅವರೆಲ್ಲ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ತಮ್ಮ ಕೈಯನ್ನೇ ಮನುಷ್ಯನ ಕೈ ಅಂದುಕೊಂಡರು ಅನ್ನುತ್ತಿದ್ದೇವೆ. ಅನ್ಯಾಯ ನಡೆಯಲಿಕ್ಕೆ ಅಷ್ಟು ಸಾಕು.

ಹಾಗಾದರೆ ನೀವು ಬಂದೂಕು ಕೇಳುತ್ತಿದ್ದೀರಾ? ಇದನ್ನು ನೇರವಾಗಿ ಉತ್ತರಿಸಬೇಕು, ಯಾಕೆಂದರೆ ನಾವು ಭೀಮೆಯ ದಂಡೆಯವರು. ಇಂಡಿ, ಸಿಂದಗಿ ಕಡೆಯ ಹೆಸರು ಪೇಪರಿನಲ್ಲಿ ಎಷ್ಟೋ ಸಲ ಬಂದಿರುವುದು ಕಂಟ್ರಿ ಪಿಸ್ತೂಲಿನ ಜೊತೆಗೇ. ಹಳೆಯ ಹಗೆಗಳಿಗೆ ಹೊಸ ಹುಡುಗರು ಹೆಣವಾಗಿದ್ದಾರೆ. ಆ ಪಿಸ್ತೂಲಿಗೆ ಬೋಲ್ಟೂ ಇಲ್ಲ, ಲೈಸೆನ್ಸೂ ಇಲ್ಲ. ಎರಡೂ ಕೈಗೆ ಒಗ್ಗುತ್ತದೆ. ಎರಡೂ ಕೈಗೆ ಒಗ್ಗಿದ್ದರಿಂದ ಅದು ನ್ಯಾಯದ ಸಾಧನ ಆಗಲಿಲ್ಲ. ಅದನ್ನು ಹಿಡಿದ ಬಡವರ ಹುಡುಗ ಬೇರೆ ಯಾರದೋ ಹೊಲದ ಬದುವಿಗಾಗಿ, ಬೇರೆ ಯಾರದೋ ಮೀಸೆಗಾಗಿ ಜೈಲಿಗೆ ಹೋಗುತ್ತಾನೆ. ಕೈಗೆ ಹೊಂದುವುದು ಒಂದು ಮಾತು, ಬಾಳಿಗೆ ಹೊಂದುವುದು ಇನ್ನೊಂದು. ನಾವು ಬಂದೂಕು ಕೇಳುತ್ತಿಲ್ಲ. ಬಾಬಾಸಾಹೇಬರು ಎಣಿಸಿದ ಎರಡರಲ್ಲಿ ವಿದ್ಯೆಯನ್ನು ಕೇಳುತ್ತೇವೆ. ಬಂದೂಕಿನ ಮಾತು ಯಾಕೆ ತೆಗೆದೆವೆಂದರೆ, ಬೇರೆ ಕಡೆ ಕಣ್ಣಿಗೆ ಕಾಣದ ಅಳತೆ ಅಲ್ಲಿ ಕಬ್ಬಿಣದಲ್ಲಿ ಕಾಣುತ್ತದೆ, ಬೆರಳಿಟ್ಟು ತೋರಿಸಬಹುದು.

ಕೊನೆಗೆ ನಮ್ಮ ಹಳ್ಳಿ ಶಾಲೆಯ ಮಾಸ್ತರರಿಗೆ, ಅಕ್ಕೋರಿಗೆ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ಆದರೂ ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಬೆರಳ ಗೆಣ್ಣಿನ ಮೇಲೆ ಪಟ್ಟಿ ಬೀಳುವುದು ಪೂರ್ತಿ ನಿಂತಿಲ್ಲ. ಹೊಡೆಯದವರೂ ‘ಆ ಕೈ ಬ್ಯಾಡವ್ವಾ, ಈ ಕೈಯಾಗ ಹಿಡಿ’ ಅಂತ ಬಳಪ ಬದಲಿಸಿ ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ನಮ್ಮ ಕೇರಿಯ ಮಗುವಿಗೆ ‘ಹಿಂಗ ಮಾತಾಡಬ್ಯಾಡ, ಶುದ್ಧ ಮಾತಾಡು’ ಅನ್ನುವುದೂ ಅದೇ ಪ್ರೀತಿ. ಹಲಸಂಗಿ ಗೆಳೆಯರು ಹಾಡುವ ಹೆಣ್ಣುಮಕ್ಕಳ ಮುಂದೆ ಕೂತಾಗ ಅವರ ಮಾತು ತಿದ್ದಲಿಕ್ಕೆ ಹೋಗಲಿಲ್ಲ, ಬರೆದುಕೊಂಡರು. ಅಷ್ಟು ಮರ್ಯಾದೆಯನ್ನು ಒಂದು ಮಗುವಿನ ಕೈಗೂ ಕೊಡಿರಿ. ಅದು ಎಡಗೈಯಲ್ಲಿ ಬರೆದರೆ ಬರೆಯಲಿ. ಪಕ್ಕದವನ ಮೊಣಕೈ ತಾಗುತ್ತಿದ್ದರೆ ಸಾಲಿನ ಎಡ ತುದಿಗೆ ಕೂರಿಸಿರಿ. ಕದಲಬೇಕಾದದ್ದು ಮಣೆ, ಮಗುವಿನ ಕೈಯಲ್ಲ.